ಮಹಾ ಯೋಜನೆಯಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ಬಡಾವಣೆ ನಿವಾಸಿ, ತುಮಕೂರು

ನಮ್ಮದು ತುಮಕೂರಿನ ಕೆಲವು ಬಡಾವಣೆಗಳ ನಿವಾಸಿಗಳು ಸೇರಿ ಕಟ್ಟಿಕೊಂಡಿರುವ ಒಂದು ಸಣ್ಣ ನಾಗರಿಕ ವೇದಿಕೆ. ನಗರದ ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಮಾಡುವ ಮಹಾ ಯೋಜನೆಯ (ಮಾಸ್ಟರ್ ಪ್ಲ್ಯಾನ್) ಮುಂದಿನ ಪರಿಷ್ಕರಣೆಗೆ ಕರಡು ಪ್ರಕಟವಾದಾಗ, ಆ ಪ್ರಕ್ರಿಯೆಯಲ್ಲಿ ಸಾರ್ವಜನಿಕರ ಪಾಲು ನಿಜವಾಗಿ ಎಷ್ಟಿತ್ತು ಎಂಬುದನ್ನು ನಾವೇ ಮೌಲ್ಯಮಾಪನ ಮಾಡಿ ಕನ್ನಡದಲ್ಲಿ ವರದಿ ಹೊರತರಬೇಕೆಂದು ತೀರ್ಮಾನಿಸಿದ್ದೇವೆ. ಯೋಜನೆಯ ಗುಣದೋಷಗಳನ್ನು ಕುರಿತು ಬರೆಯುವವರು ಇದ್ದಾರೆ. ಆದರೆ ಜನ ಬರೆದುಕೊಟ್ಟ ಆಕ್ಷೇಪಣೆ ಮತ್ತು ಸಲಹೆಗಳು ಮುಂದೆ ಏನಾದವು ಎಂದು ಬೆನ್ನುಹತ್ತಿ ನೋಡುವವರು ವಿರಳ.

ಇದು ನಮ್ಮ ಊರಿಗೆ ಈಗ ತುರ್ತಾಗಿ ಬೇಕಾದ ಕೆಲಸವೆಂದು ನಾನು ನಂಬಿದ್ದೇನೆ. ಒಂದು ಕಡೆ ಬೆಂಗಳೂರಿನ ಒತ್ತಡ, ಇನ್ನೊಂದು ಕಡೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ, ಇವೆರಡರ ನಡುವೆ ಊರಂಚಿನ ಹೊಲಗಳು ನಿವೇಶನಗಳಾಗುತ್ತಿವೆ. ಕುಡಿಯುವ ನೀರಿಗೆ ಹೇಮಾವತಿಯನ್ನು ನೆಚ್ಚಿಕೊಂಡಿರುವ ಊರು ಯಾವ ದಿಕ್ಕಿಗೆ, ಎಷ್ಟು ಬೆಳೆಯಬೇಕು ಎಂಬ ತೀರ್ಮಾನ ಇಲ್ಲಿ ಬದುಕುವವರ ಅರಿವಿಗೆ ಬಾರದೆ ಆಗಬಾರದು. 2015ರ ಜೂನ್‌ನಲ್ಲಿ ಆರಂಭವಾದ ಸ್ಮಾರ್ಟ್ ಸಿಟಿ ಅಭಿಯಾನಕ್ಕೆ ತುಮಕೂರು 2016ರ ಸೆಪ್ಟೆಂಬರ್‌ನಲ್ಲಿ ಆಯ್ಕೆಯಾಯಿತು. ಆ ಸ್ಪರ್ಧೆಯಲ್ಲಿ ನಗರಗಳ ಪ್ರಸ್ತಾವಗಳಿಗೆ ಅಂಕ ಕೊಡುವಾಗ ನಾಗರಿಕರೊಂದಿಗಿನ ಸಮಾಲೋಚನೆಯನ್ನೂ ಗಣನೆಗೆ ತೆಗೆದುಕೊಳ್ಳಲಾಗಿತ್ತು. ಅಂಥ ಅಂಕ ಸಲ್ಲಬೇಕಾದದ್ದು ಪಾಲ್ಗೊಂಡವರ ಸಂಖ್ಯೆಗೋ, ಅವರು ಪಾಲ್ಗೊಂಡದ್ದರಿಂದ ಬದಲಾದ ಸಂಗತಿಗಳಿಗೋ ಎಂಬ ಪ್ರಶ್ನೆ ಅಂದಿನಿಂದಲೂ ನನ್ನನ್ನು ಕಾಡುತ್ತಿದೆ.

ನಮ್ಮ ವೇದಿಕೆಯಲ್ಲೇ ಈ ಬಗ್ಗೆ ಎರಡು ಅಭಿಪ್ರಾಯಗಳಿವೆ. ಸಭೆಗಳಿಗೆ ಬಂದವರೆಷ್ಟು, ಸಲ್ಲಿಕೆಯಾದ ಆಕ್ಷೇಪಣೆಗಳೆಷ್ಟು ಎಂಬ ಲೆಕ್ಕವೇ ಎಲ್ಲರೂ ಒಪ್ಪುವ ಅಳತೆ ಎಂದು ಕೆಲವರು ಹೇಳುತ್ತಾರೆ. ಅಂತಿಮ ನಕ್ಷೆಯಲ್ಲಿ ಏನು ಬದಲಾಯಿತು ಎಂಬುದನ್ನು ಬಿಟ್ಟು ಬೇರೆ ಯಾವುದನ್ನು ಅಳೆದರೂ ವ್ಯರ್ಥ ಎಂಬುದು ಉಳಿದವರ ವಾದ. ನನಗೆ ಎರಡೂ ಅರೆಬರೆಯಾಗಿ ಕಾಣುತ್ತವೆ. ಕೇಳಿ, ಯೋಚಿಸಿ, ಕಾರಣ ಕೊಟ್ಟು ತಿರಸ್ಕರಿಸಿದ ಸಲಹೆಯನ್ನೂ ಓದದೆ ಪಕ್ಕಕ್ಕಿಟ್ಟ ಸಲಹೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಮಂಡಿಪೇಟೆಯ ಬೀದಿ ವ್ಯಾಪಾರಿಗಳು, ಕಟ್ಟಡ ಕಾರ್ಮಿಕರು, ಊರಂಚಿನ ರೈತರು ಸಭೆಗೆ ಬರದೇ ಇದ್ದುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಹೇಗೆಂಬುದೂ ತೋಚುತ್ತಿಲ್ಲ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ನಿವೃತ್ತ ಯೋಜಕ, ಕೋಲಾರ

ನಿಮ್ಮ ವೇದಿಕೆಯ ಎರಡು ಗುಂಪುಗಳು ವಾದಿಸುತ್ತಿರುವುದು ಎರಡು ಬೇರೆ ಬೇರೆ ವಿಷಯಗಳ ಬಗ್ಗೆ. ಪ್ರಕ್ರಿಯೆ ಹೇಗೆ ನಡೆಯಿತು ಎಂಬುದು ಒಂದು; ಅದರಿಂದ ನಿರ್ಧಾರದ ಮೇಲೆ ಏನು ಪರಿಣಾಮವಾಯಿತು ಎಂಬುದು ಮತ್ತೊಂದು. ಜೀನ್ ರೋವ್ ಮತ್ತು ಲಿನ್ ಫ್ರೂವರ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಮೌಲ್ಯಮಾಪನ ಚೌಕಟ್ಟಿನಲ್ಲಿ ಪಾಲ್ಗೊಂಡವರ ಪ್ರಾತಿನಿಧ್ಯ, ಪ್ರಕ್ರಿಯೆ ನಡೆಸಿದವರ ಸ್ವತಂತ್ರತೆ, ಜನರನ್ನು ಒಳಗೊಂಡ ಹಂತ, ನಿರ್ಧಾರದ ಮೇಲಿನ ಪ್ರಭಾವ, ಪಾರದರ್ಶಕತೆ ಇವುಗಳನ್ನು ಒಂದು ಗುಂಪಾಗಿಯೂ, ಮಾಹಿತಿ ಮತ್ತು ಸಮಯದ ಲಭ್ಯತೆ, ಕೆಲಸದ ಸ್ಪಷ್ಟ ವ್ಯಾಖ್ಯೆ, ನಿರ್ಧಾರ ಕೈಗೊಂಡ ಕ್ರಮ, ವೆಚ್ಚಕ್ಕೆ ತಕ್ಕ ಫಲ ಇವುಗಳನ್ನು ಇನ್ನೊಂದು ಗುಂಪಾಗಿಯೂ ಇಟ್ಟಿದ್ದಾರೆ. ಇದನ್ನು ಇಡಿಯಾಗಿ ನಮ್ಮ ಊರುಗಳಿಗೆ ಹೊರಿಸಬೇಕಾಗಿಲ್ಲ. ಆದರೆ ಜನರನ್ನು ಒಳಗೊಂಡ ಹಂತದ ಪ್ರಶ್ನೆಯನ್ನು ಮಾತ್ರ ಕೈಬಿಡಬೇಡಿ, ಏಕೆಂದರೆ ನಮ್ಮ ಕಾನೂನಿನ ದೊಡ್ಡ ಕೊರತೆ ಇರುವುದು ಅಲ್ಲಿಯೇ.

1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಪ್ರಕರಣವನ್ನು ಓದಿ ನೋಡಿ. ಯೋಜನಾ ಪ್ರಾಧಿಕಾರವು ಸಿದ್ಧಪಡಿಸಿದ ಮಹಾ ಯೋಜನೆ ಮೊದಲು ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. ಸರ್ಕಾರ ತನಗೆ ಸರಿಕಂಡ ಮಾರ್ಪಾಡುಗಳೊಂದಿಗೆ ತಾತ್ಕಾಲಿಕ ಅನುಮೋದನೆ ಕೊಟ್ಟು ಹಿಂದಿರುಗಿಸಿದ ನಂತರವಷ್ಟೇ ಅದು ಸಾರ್ವಜನಿಕರ ಮುಂದೆ ಬರುತ್ತದೆ. ಅಲ್ಲಿಂದ 60 ದಿನಗಳ ಒಳಗೆ ಜನ ಲಿಖಿತವಾಗಿ ತಮ್ಮ ಅಭಿಪ್ರಾಯ ಸಲ್ಲಿಸಬೇಕು. ಪ್ರಾಧಿಕಾರ ಅವನ್ನು ಪರಿಗಣಿಸಿ, ಅಗತ್ಯವೆನಿಸಿದ ಮಾರ್ಪಾಡುಗಳ ಶಿಫಾರಸಿನೊಡನೆ ಮತ್ತೆ ಸರ್ಕಾರಕ್ಕೆ ಕಳಿಸಬೇಕು. ಅಂದರೆ ಊರು ಯಾವ ದಿಕ್ಕಿಗೆ ಬೆಳೆಯಬೇಕು, ವರ್ತುಲ ರಸ್ತೆ ಎಲ್ಲಿ ಹಾಯಬೇಕು ಎಂಬ ಮೂಲ ಪ್ರಶ್ನೆಗಳೆಲ್ಲ ಬಹುಮಟ್ಟಿಗೆ ಇತ್ಯರ್ಥವಾದ ಮೇಲೆ ಜನರಿಗೆ ಬಾಯಿ ತೆರೆಯುವ ಅವಕಾಶ ಸಿಗುತ್ತದೆ. ಆದ್ದರಿಂದ ನಿಮ್ಮ ವರದಿಯ ಮೊದಲ ಪ್ರಶ್ನೆ, ಕಾನೂನು ಕಡ್ಡಾಯ ಮಾಡದಿದ್ದರೂ ಕರಡಿನ ಮೊದಲೇ ವಾರ್ಡುಗಳಲ್ಲಿ ಸಮಾಲೋಚನೆ ನಡೆಯಿತೇ ಎಂಬುದಾಗಿರಲಿ.

ಎರಡನೆಯದಾಗಿ, ಸಲ್ಲಿಕೆಯಾದ ಪ್ರತಿಯೊಂದು ಆಕ್ಷೇಪಣೆಗೂ ಒಂದು ಸಾಲಿನಂತೆ ವಹಿಯೊಂದನ್ನು ಇಡಿ. ಯಾರಿಂದ ಬಂತು, ಯಾವ ವಾರ್ಡು ಅಥವಾ ಹಳ್ಳಿಯದು, ಏನು ಕೇಳಿತು, ಸ್ವೀಕೃತಿ ಸಿಕ್ಕಿತೇ, ಉತ್ತರ ಬಂತೇ, ಉತ್ತರದಲ್ಲಿ ಕಾರಣವಿತ್ತೇ, ನಕ್ಷೆಯಲ್ಲಾಗಲಿ, ಯಾವ ವಲಯದಲ್ಲಿ ಏನು ಕಟ್ಟಬಹುದೆಂದು ಹೇಳುವ ವಲಯ ನಿಯಮಾವಳಿಯಲ್ಲಾಗಲಿ ಬದಲಾವಣೆಯಾಯಿತೇ ಎಂಬುದನ್ನು ದಾಖಲಿಸಿ. ನೀವು ಕೇಳಿದ ವ್ಯತ್ಯಾಸ ಇಲ್ಲಿ ತಾನಾಗಿಯೇ ಕಾಣುತ್ತದೆ. ಕಾರಣ ಸಹಿತ ತಿರಸ್ಕಾರವು ಸ್ಪಂದನೆಯ ಕಲಂನಲ್ಲಿ ಪೂರ್ಣ ಅಂಕ ಪಡೆಯುತ್ತದೆ, ಪ್ರಭಾವದ ಕಲಂನಲ್ಲಿ ಪಡೆಯುವುದಿಲ್ಲ. ಎರಡನ್ನು ಕೂಡಿಸಿ ಒಂದೇ ಸಂಖ್ಯೆ ಮಾಡುವ ಆಸೆಯನ್ನು ದಯವಿಟ್ಟು ಬಿಡಿ.

ಮೂರನೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ನಾನು ಸೇವೆಯಲ್ಲಿದ್ದ ವರ್ಷಗಳಲ್ಲಿ ಕಂಡ ಆಕ್ಷೇಪಣೆಗಳಲ್ಲಿ ಹೆಚ್ಚಿನವು ಒಂದು ಸರ್ವೆ ನಂಬರಿಗೆ ಸಂಬಂಧಿಸಿದವು. ನನ್ನ ಜಮೀನು ಹಸಿರು ವಲಯದಲ್ಲಿದೆ, ಅದನ್ನು ಹಳದಿ, ಅಂದರೆ ವಸತಿ ವಲಯ, ಮಾಡಿಕೊಡಿ ಎಂಬುದೇ ಅವುಗಳ ಸಾರ. ಅದು ಆ ಮಾಲೀಕನ ಹಕ್ಕಿನ ಅರ್ಜಿ, ತಪ್ಪೇನೂ ಇಲ್ಲ. ಆದರೆ ಅಂಥ ಅರ್ಜಿಗಳು ನೂರಾರು ಬಂದವು, ಅವುಗಳಲ್ಲಿ ಅರ್ಧದಷ್ಟನ್ನು ಒಪ್ಪಲಾಯಿತು ಎಂಬುದನ್ನು ಸಾರ್ವಜನಿಕ ಪಾಲ್ಗೊಳ್ಳುವಿಕೆಯ ಯಶಸ್ಸೆಂದು ತೋರಿಸಿದರೆ, ಊರಿನ ಕೆರೆಯಂಗಳ, ರಾಜಕಾಲುವೆ, ಉದ್ಯಾನ, ಪಾದಚಾರಿ ಮಾರ್ಗ, ಸಂತೆ ಮೈದಾನಗಳ ಪರವಾಗಿ ಬಂದ ಬೆರಳೆಣಿಕೆಯ ಸಲಹೆಗಳು ಏನಾದವೆಂಬುದು ಆ ರಾಶಿಯಡಿ ಮುಚ್ಚಿಹೋಗುತ್ತದೆ. ಕೆರೆಗಳ ಜಿಲ್ಲೆಯಾದ ಕೋಲಾರದಲ್ಲಿ ಇದರ ಪರಿಣಾಮ ಬರಿಗಣ್ಣಿಗೆ ಕಾಣುವಂಥದು. 2018ರಿಂದ, ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಕೆರೆಯಿಂದ ಕೆರೆಗೆ ಹರಿಯುತ್ತಿರುವಾಗ, ಆ ಕೆರೆಗಳ ನಡುವಿನ ಕಾಲುವೆಗಳ ಅಂಚಿನಲ್ಲಿ ಯಾವ ಬಣ್ಣ ಬಳಿಯಲಾಗಿದೆ ಎಂಬುದು ಯಾರೊಬ್ಬರ ಖಾಸಗಿ ವಿಷಯವೂ ಅಲ್ಲ, ಆದ್ದರಿಂದಲೇ ಅದರ ಬಗ್ಗೆ ಅರ್ಜಿ ಬರೆಯುವವರೂ ಕಡಿಮೆ. ಹಾಗಾಗಿ ಆಕ್ಷೇಪಣೆಗಳನ್ನು ಸ್ವಂತ ಜಮೀನಿನವು, ಬಡಾವಣೆಯವು, ಇಡೀ ಊರಿನವು ಎಂದು ವಿಂಗಡಿಸಿ, ಪ್ರತಿ ವರ್ಗದಲ್ಲೂ ಒಪ್ಪಿಗೆಯಾದ ಪ್ರಮಾಣವನ್ನು ಬೇರೆಯಾಗಿ ತೋರಿಸಿ. ನನ್ನ ಮಟ್ಟಿಗೆ ಇಡೀ ಮೌಲ್ಯಮಾಪನದ ಜೀವಾಳ ಈ ವಿಂಗಡಣೆ.

ಉತ್ತರ: ಕಾನೂನು ಅಭ್ಯಾಸಿ, ತುಮಕೂರು

ಮೇಲಿನ ಮಾತಿಗೆ ಪೂರಕವಾಗಿ ಕೆಲವು ಕಾನೂನಿನ ಅಂಶಗಳನ್ನು ಸೇರಿಸುತ್ತೇನೆ.

ಪರಿಗಣಿಸಬೇಕು ಎಂದು ಹೇಳುವ 13ನೇ ಪ್ರಕರಣವು ಆಕ್ಷೇಪಣೆದಾರರನ್ನು ಕರೆದು ಕೇಳಬೇಕೆಂದು ಹೇಳುವುದಿಲ್ಲ. ಮಹಾರಾಷ್ಟ್ರದ 1966ರ ಪಟ್ಟಣ ಯೋಜನಾ ಕಾಯ್ದೆಯ 28ನೇ ಪ್ರಕರಣದಲ್ಲಿ ಯೋಜನಾ ಸಮಿತಿಯು ಆಕ್ಷೇಪಣೆ ಸಲ್ಲಿಸಿದವರಿಗೆ ತಮ್ಮ ಅಹವಾಲು ಹೇಳಿಕೊಳ್ಳುವ ಅವಕಾಶ ಕೊಡಬೇಕೆಂದಿದೆ. ನಮ್ಮಲ್ಲಿಯೇ, ಕೈಗಾರಿಕೆ ಅಥವಾ ಗಣಿಗೆ ಪರಿಸರ ಅನುಮತಿ ನೀಡುವಾಗ ಅನ್ವಯವಾಗುವ 2006ರ ಕೇಂದ್ರ ಅಧಿಸೂಚನೆಯನ್ನು ಹೋಲಿಸಿ ನೋಡಿ. ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಬೇಕು, ನಡಾವಳಿಯನ್ನು ವಿಡಿಯೊ ಚಿತ್ರೀಕರಣ ಮಾಡಬೇಕು, ಸಭೆಯ ಕೊನೆಯಲ್ಲಿ ನಡಾವಳಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ನೆರೆದವರಿಗೆ ಓದಿ ಹೇಳಬೇಕು, ಜನ ಎತ್ತಿದ ವಿಷಯಗಳನ್ನೂ ಅವಕ್ಕೆ ಬಂದ ಉತ್ತರಗಳನ್ನೂ ಸ್ಥಳೀಯ ಭಾಷೆಯಲ್ಲಿಯೂ ಸಿದ್ಧಪಡಿಸಿ ಲಗತ್ತಿಸಬೇಕು. ಒಂದು ಕಾರ್ಖಾನೆಗೆ ಇಷ್ಟು ವಿಧಿ ಇರುವಾಗ ಲಕ್ಷಾಂತರ ಜನರ ಊರನ್ನು ರೂಪಿಸುವ ದಾಖಲೆಗೆ ಇಷ್ಟಾದರೂ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ. ನಿಮ್ಮ ಮೌಲ್ಯಮಾಪನಕ್ಕೆ ಇದನ್ನೇ ಒಂದು ಕನಿಷ್ಠ ಮಟ್ಟವಾಗಿ ಇಟ್ಟುಕೊಳ್ಳಬಹುದು.

ವಹಿಗೆ ಬೇಕಾದ ಮಾಹಿತಿ ಪಡೆಯಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ಹಾಕಿ ಪಡೆಯುವುದಲ್ಲದೆ, ಅದರ 4(1)(ಸಿ) ಮತ್ತು (ಡಿ) ಉಪಪ್ರಕರಣಗಳನ್ನೂ ಉಲ್ಲೇಖಿಸಿ. ಸಾರ್ವಜನಿಕರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿ ನಿರ್ಧಾರಗಳ ಸಂಗತಿಗಳನ್ನು ಪ್ರಕಟಿಸುವುದೂ, ಬಾಧಿತರಿಗೆ ನಿರ್ಧಾರದ ಕಾರಣಗಳನ್ನು ನೀಡುವುದೂ ಅರ್ಜಿ ಇಲ್ಲದೆಯೇ ಮಾಡಬೇಕಾದ ಕರ್ತವ್ಯಗಳು.

ಇನ್ನೊಂದು ಮುಖ್ಯ ಸಂಗತಿ: ಅಂತಿಮ ಯೋಜನೆ ಪ್ರಕಟವಾದ ದಿನಕ್ಕೆ ನಿಮ್ಮ ಮೌಲ್ಯಮಾಪನ ನಿಲ್ಲಬಾರದು. ನಮ್ಮ ರಾಜ್ಯದ ಯೋಜನಾ ಕಾಯ್ದೆಯ 14ಎ ಪ್ರಕರಣದಡಿ, ಯೋಜನೆ ಜಾರಿಗೆ ಬಂದ ನಂತರವೂ ಭೂ ಉಪಯೋಗ ಬದಲಾವಣೆ ಮಾಡಲು ಅವಕಾಶವಿದೆ. ಸಾರ್ವಜನಿಕರ ಅಭಿಪ್ರಾಯ ಕೇಳುವ ಮಟ್ಟಿಗೆ, ದಿನಪತ್ರಿಕೆಯಲ್ಲಿ ಪ್ರಕಟಣೆ ನೀಡಿ, ಆಕ್ಷೇಪಣೆಗೆ ಕನಿಷ್ಠ 15 ದಿನಗಳ ಕಾಲಾವಕಾಶ ಕೊಟ್ಟರೆ ಸಾಕು. ಮಹಾ ಯೋಜನೆಯ ಸಭೆಯಲ್ಲಿ ಜನ ಹೋರಾಡಿ ಉಳಿಸಿಕೊಂಡ ಒಂದು ಹಸಿರು ತುಂಡು, ಎರಡು ವರ್ಷಗಳ ನಂತರ ಪತ್ರಿಕೆಯ ಒಳಪುಟದ ಸಣ್ಣ ಅಕ್ಷರದ ಪ್ರಕಟಣೆಯೊಂದರಿಂದ ಕಳೆದುಹೋಗಬಹುದು. ಆ ಪ್ರಕಟಣೆಗಳನ್ನು ಕತ್ತರಿಸಿಟ್ಟುಕೊಳ್ಳುವ ಕೆಲಸವನ್ನು ನಿಮ್ಮ ವೇದಿಕೆಯ ಒಬ್ಬರು ವಹಿಸಿಕೊಳ್ಳಲಿ.

ವಾರ್ಡ್ ಸಮಿತಿಗಳ ಬಗ್ಗೆ ಒಂದು ಮಾತು. ಸಂವಿಧಾನದ 243ಎಸ್ ವಿಧಿಯು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಜನಸಂಖ್ಯೆಯ ನಗರಗಳಿಗೆ ಅವನ್ನು ಕಡ್ಡಾಯ ಮಾಡಿದೆ, ಮತ್ತು 2011ರ ಜನಗಣತಿಯಲ್ಲೇ ತುಮಕೂರು ಆ ಗಡಿ ದಾಟಿದೆ. ಮಹಾನಗರ ಪಾಲಿಕೆಗಳ ಕಾಯ್ದೆಯಂತೆ ಪ್ರತಿ ಸಮಿತಿಗೆ ಪಾಲಿಕೆ ಸದಸ್ಯರು ಅಧ್ಯಕ್ಷರಾಗಿದ್ದು, ಉಳಿದ ಹತ್ತು ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳಿರಬೇಕು. ಕರಡು ಯೋಜನೆ ಈ ಸಮಿತಿಗಳ ಮುಂದೆ ಬಂತೇ ಎಂಬುದು ಸುಲಭವಾಗಿ ಪರಿಶೀಲಿಸಬಹುದಾದ ಪ್ರಶ್ನೆ.

ಉತ್ತರ: ಹೂ ಬೆಳೆಗಾರ್ತಿ, ಚಿಕ್ಕಬಳ್ಳಾಪುರ

ಎರಡೂ ಉತ್ತರಗಳನ್ನು ಗಮನವಿಟ್ಟು ಓದಿದೆ. ಕೋಲಾರದ ಹಿರಿಯರ ವಿಂಗಡಣೆಯಲ್ಲಿ ಒಂದು ಭಾಗವನ್ನು ನಾನು ಒಪ್ಪಲಾರೆ.

ಊರಿಗೆ ಹತ್ತಿರದ ಹಳ್ಳಿಯಲ್ಲಿ ಎಕರೆ ಜಮೀನಿನಲ್ಲಿ ಸೇವಂತಿಗೆಯನ್ನೋ ಗುಲಾಬಿಯನ್ನೋ ಬೆಳೆದು ಬದುಕುವ ಕುಟುಂಬದ ಹೊಲದ ಮೇಲೆ ಪ್ರಸ್ತಾವಿತ ರಸ್ತೆಯ ಗೆರೆ ಹಾದುಹೋದರೆ, ಅವರು ಬರೆಯುವ ಅರ್ಜಿಯೂ ಒಂದು ಸರ್ವೆ ನಂಬರಿನದೇ. ಅದೇ ಪಟ್ಟಿಯಲ್ಲಿ, ನಿವೇಶನ ಮಾಡಿ ಮಾರಲು ಹತ್ತಾರು ಎಕರೆ ಕೊಂಡಿಟ್ಟವರು ಹಳದಿ ವಲಯ ಕೇಳಿ ಬರೆದ ಅರ್ಜಿಯೂ ಇರುತ್ತದೆ. ಒಬ್ಬರು ಬದುಕು ಕಳೆದುಕೊಳ್ಳುವವರು, ಇನ್ನೊಬ್ಬರು ಬೆಲೆ ಏರಿಸಿಕೊಳ್ಳುವವರು. ಇಬ್ಬರನ್ನೂ ಸ್ವಂತ ಜಮೀನಿನ ಆಕ್ಷೇಪಣೆ ಎಂಬ ಒಂದೇ ವರ್ಗದಲ್ಲಿ ಹಾಕಿ, ಆ ವರ್ಗವನ್ನು ಕಡಿಮೆ ತೂಕದ್ದೆಂದು ಬದಿಗಿಟ್ಟರೆ, ಯೋಜನೆಯಿಂದ ಅತಿ ಹೆಚ್ಚು ನಷ್ಟಕ್ಕೆ ಒಳಗಾಗುವವರ ಧ್ವನಿಯೇ ವರದಿಯಿಂದ ಹೊರಗುಳಿಯುತ್ತದೆ.

ಬಾರದವರ ಬಗ್ಗೆ ಕೇಳಿದ್ದೀರಿ. ನಾನು ಸ್ವಸಹಾಯ ಸಂಘದ ಮಹಿಳೆಯರೊಂದಿಗೆ ಒಮ್ಮೆ ಇಂಥದೇ ಒಂದು ಸಭೆಗೆ ಹೋಗಿದ್ದೆ. ಯಾವ ಊರು, ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಕೆಲಸದ ದಿನ, ಬೆಳಗಿನ ಹೊತ್ತು. ಹೂ ಕೊಯ್ದು ಮಾರುಕಟ್ಟೆಗೆ ಕಳಿಸಿ ಬರುವಷ್ಟರಲ್ಲಿ ಸಭೆ ಅರ್ಧ ಮುಗಿದಿತ್ತು. ಗೋಡೆಯ ಮೇಲೆ ಬೆಳಕಿನಲ್ಲಿ ತೋರಿಸಿದ ನಕ್ಷೆಯಲ್ಲಿ ಬಣ್ಣಗಳಿದ್ದವು, ಸರ್ವೆ ನಂಬರುಗಳು ಓದಲು ಬರುತ್ತಿರಲಿಲ್ಲ, ವಿವರಣೆಯೆಲ್ಲ ಇಂಗ್ಲಿಷ್‌ನಲ್ಲಿತ್ತು. ನಮ್ಮ ಜೊತೆ ಬಂದಿದ್ದ ಹಿರಿಯಳೊಬ್ಬಳು ಎದ್ದು ನಿಂತು, ನಮ್ಮ ಊರ ಗೋಮಾಳ ಈ ಚಿತ್ರದಲ್ಲಿ ಎಲ್ಲಿದೆ ತೋರಿಸಿ ಎಂದು ಕೇಳಿದಾಗ, ಲಿಖಿತವಾಗಿ ಕೊಡಿ ಎಂಬ ಉತ್ತರ ಬಂತು. ಆಕೆಗೆ ಬರೆಯಲು ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಆಕೆಯ ಹೆಬ್ಬೆಟ್ಟಿದೆ; ಪಾಲ್ಗೊಂಡವರ ಸಂಖ್ಯೆಯಲ್ಲಿ ಆಕೆಯೂ ಸೇರಿದ್ದಾಳೆ.

ಆದ್ದರಿಂದ ನನ್ನ ಮೊದಲ ಸಲಹೆ, ಬಾಯಿಮಾತಿನಲ್ಲಿ ಕೇಳಿದ ಪ್ರಶ್ನೆಗಳನ್ನು ನಿಮ್ಮ ವೇದಿಕೆಯವರೇ ಸಭೆಯಲ್ಲಿ ಕುಳಿತು ಬರೆದುಕೊಳ್ಳಬೇಕು, ಅವನ್ನೂ ವಹಿಯಲ್ಲಿ ಸಾಲಾಗಿ ಸೇರಿಸಬೇಕು. ಎರಡನೆಯದು, ಸಭೆ ಮುಗಿದ ಮೇಲೆ ಬಾರದವರ ಮನೆಗಳಿಗೆ ಹೋಗಿ ಏಕೆ ಬರಲಿಲ್ಲ ಎಂದು ಕೇಳಬೇಕು. ತಿಳಿದಿರಲಿಲ್ಲ ಎನ್ನುವವರು, ತಿಳಿದಿದ್ದರೂ ಕೂಲಿ ಬಿಟ್ಟು ಬರಲಾಗಲಿಲ್ಲ ಎನ್ನುವವರು, ಬಂದು ಏನು ಪ್ರಯೋಜನ ಎನ್ನುವವರು ಎಂದು ಮೂರು ಬಗೆಯ ಉತ್ತರಗಳು ನಿಮಗೆ ಸಿಗುತ್ತವೆ. ಮೊದಲಿನದಕ್ಕೆ ಪ್ರಚಾರ ಪರಿಹಾರ, ಎರಡನೆಯದಕ್ಕೆ ಸಮಯ ಮತ್ತು ಸ್ಥಳದ ಬದಲಾವಣೆ ಪರಿಹಾರ. ಮೂರನೆಯ ಉತ್ತರ ಕೊಡುವವರು ಎಷ್ಟು ಮಂದಿ, ಅವರು ಯಾವ ಹಿಂದಿನ ಅನುಭವದಿಂದ ಹಾಗೆ ಹೇಳುತ್ತಾರೆ ಎಂಬುದನ್ನು ವಿವರವಾಗಿ ದಾಖಲಿಸಿ. ಹಾಜರಾತಿಯ ಅಂಕಿಗಿಂತ ಅದು ಹೆಚ್ಚು ತಿಳಿಸುತ್ತದೆ.

ಬೀದಿ ವ್ಯಾಪಾರಿಗಳಿಗೆ ಬೇರೆಯೇ ಒಂದು ದಾರಿ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಮಹಾ ಯೋಜನೆಯ ಕರಡಿನಲ್ಲಿ ಮಾರುಕಟ್ಟೆ ಮತ್ತು ರಸ್ತೆಗಳ ಬಗ್ಗೆ ಇರುವ ಭಾಗವನ್ನು ಆ ಸಮಿತಿಯ ಮುಂದೆ ಇಟ್ಟು ಅಭಿಪ್ರಾಯ ಕೇಳಲಾಯಿತೇ ಎಂದು ನೋಡಿ.

ಇನ್ನೊಂದು ವಿನಂತಿ. ನಿಮ್ಮ ವೇದಿಕೆಯೂ ಬಡಾವಣೆಗಳ ನಿವಾಸಿಗಳದು. ಮೌಲ್ಯಮಾಪನ ಮಾಡುವ ತಂಡದಲ್ಲಿ ಕೊಳೆಗೇರಿಯ ನಿವಾಸಿಗಳು, ಊರಂಚಿನ ರೈತರು, ವ್ಯಾಪಾರಿಗಳು ಮೊದಲ ದಿನದಿಂದಲೇ ಇರಲಿ. ಯಾವ ಪ್ರಶ್ನೆ ಕೇಳಬೇಕೆಂಬುದನ್ನು ಅವರೂ ಸೇರಿ ನಿರ್ಧರಿಸಲಿ.

ಪ್ರಶ್ನೆ ಕೇಳಿದವರು: ಬಡಾವಣೆ ನಿವಾಸಿ, ತುಮಕೂರು

ಎಲ್ಲರಿಗೂ ಕೃತಜ್ಞತೆಗಳು. ತಂಡವನ್ನು ವಿಸ್ತರಿಸುವ ಸಲಹೆಯನ್ನು ಈ ವಾರವೇ ಸದಸ್ಯರ ಮುಂದಿಡುತ್ತೇನೆ. ಒಂದು ಅನುಮಾನ ಉಳಿದಿದೆ. ಶೆರ್ರಿ ಆರ್ನ್‌ಸ್ಟೀನ್ ಅವರು 1969ರಲ್ಲಿ ವಿವರಿಸಿದ ಎಂಟು ಮೆಟ್ಟಿಲುಗಳ ಏಣಿಯನ್ನು ಬಳಸಿ, ನಮ್ಮ ಊರು ಯಾವ ಮೆಟ್ಟಿಲಲ್ಲಿದೆ ಎಂದು ತೋರಿಸಿದರೆ ಓದುಗರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ ಎಂದು ನಮ್ಮ ಸದಸ್ಯರೊಬ್ಬರು ಒತ್ತಾಯಿಸುತ್ತಿದ್ದಾರೆ. ಇದು ಸರಿಯಾದ ಕ್ರಮವೇ?

ಉತ್ತರ: ನಿವೃತ್ತ ಯೋಜಕ, ಕೋಲಾರ

ಮೊದಲಿಗೆ ಚಿಕ್ಕಬಳ್ಳಾಪುರದ ಸಹೋದರಿಯ ಮಾತಿನ ಬಗ್ಗೆ. ಜಮೀನು ಅಥವಾ ಜೀವನೋಪಾಯ ಕಳೆದುಕೊಳ್ಳುವವರ ಆಕ್ಷೇಪಣೆಗಳನ್ನು ಪ್ರತ್ಯೇಕ ವರ್ಗವಾಗಿಸಿ, ಅದನ್ನು ವಹಿಯ ಮೊದಲಿಗೇ ಇಡಬೇಕು. ಜಮೀನಿನ ವಿಸ್ತೀರ್ಣ ಮತ್ತು ಈಗಿನ ಬಳಕೆಯನ್ನು ಪಹಣಿಯಿಂದ ನೋಡಿ ಬರೆದುಕೊಂಡರೆ ಆ ವರ್ಗವನ್ನು ಗುರುತಿಸುವುದು ಕಷ್ಟವಲ್ಲ.

ಏಣಿಯ ವಿಷಯ. ಅದರ ತಳದ ಎರಡು ಮೆಟ್ಟಿಲುಗಳು ಪಾಲ್ಗೊಳ್ಳುವಿಕೆಯೇ ಅಲ್ಲ, ನಡುವಿನ ಮೂರರಲ್ಲಿ ಮಾಹಿತಿ, ಸಮಾಲೋಚನೆ ಮತ್ತು ಸಮಾಧಾನಪಡಿಸುವಿಕೆ ಇವೆ, ಅಧಿಕಾರದಲ್ಲಿ ನಿಜವಾದ ಪಾಲು ಸಿಗುವುದು ಮೇಲಿನ ಮೂರರಲ್ಲಿ. ಜನರಿಗೆ ಅಧಿಕಾರದ ಪ್ರಶ್ನೆಯನ್ನು ನೆನಪಿಸಲು ಇದಕ್ಕಿಂತ ನೇರವಾದ ಸಾಧನವಿಲ್ಲ. ಆದರೆ ಇಡೀ ಊರಿಗೆ ಒಂದೇ ಮೆಟ್ಟಿಲನ್ನು ಗೊತ್ತುಮಾಡುವುದು ತಪ್ಪುದಾರಿಗೆ ಎಳೆಯುತ್ತದೆ. ಒಂದೇ ಯೋಜನೆಯಲ್ಲಿ ಉದ್ಯಾನದ ವಿಷಯಕ್ಕೆ ನಿವಾಸಿಗಳ ಸಂಘದೊಂದಿಗೆ ನಿಜವಾದ ಸಹಭಾಗಿತ್ವ ನಡೆದಿರಬಹುದು, ವರ್ತುಲ ರಸ್ತೆಯ ವಿಷಯಕ್ಕೆ ಬರೀ ಮಾಹಿತಿ ಕೊಟ್ಟಿರಬಹುದು, ಕೊಳೆಗೇರಿಯ ಸ್ಥಳಾಂತರದ ವಿಷಯಕ್ಕೆ ಅದೂ ಇಲ್ಲದಿರಬಹುದು. ಆದ್ದರಿಂದ ವಿಷಯವಾರು, ಜನವರ್ಗವಾರು ಮೆಟ್ಟಿಲು ಗುರುತಿಸಿ. ಸ್ಮಾರ್ಟ್ ಸಿಟಿಯ ಮಾರ್ಗಸೂಚಿಯಲ್ಲಿ ನಗರ ಮಟ್ಟದ ಸಲಹಾ ವೇದಿಕೆಯೊಂದನ್ನು ಹೇಳಲಾಗಿತ್ತು. ಜನಪ್ರತಿನಿಧಿಗಳೊಂದಿಗೆ ನಿವಾಸಿಗಳ ಸಂಘ, ಕೊಳೆಗೇರಿ ಒಕ್ಕೂಟ, ಮಹಿಳಾ ಮಂಡಳಿಯಂಥ ಸಂಸ್ಥೆಗಳ ಪ್ರತಿನಿಧಿಗಳೂ ಅದರಲ್ಲಿರಬೇಕಿತ್ತು. ಅಂಥ ವೇದಿಕೆಯನ್ನು ಅಳೆಯುವಾಗ, ಅದರ ಸಭೆಗಳಲ್ಲಿ ಎಷ್ಟು ವಿಷಯಗಳು ಟೆಂಡರ್ ಕರೆಯುವ ಮುನ್ನ ಬಂದವು, ಎಷ್ಟು ಆನಂತರ ಬಂದವು ಎಂದು ನೋಡಿದರೆ ಯಾವ ಮೆಟ್ಟಿಲು ಎಂಬುದು ತಿಳಿಯುತ್ತದೆ.

ಯೋಜನೆಯೇ ಅಂತಿಮಗೊಳ್ಳದಿದ್ದರೆ ಏನು ಮಾಡಬೇಕೆಂಬುದನ್ನೂ ಯೋಚಿಸಿಟ್ಟುಕೊಳ್ಳಿ. ಬೆಂಗಳೂರಿನ 2031ರ ಮಹಾ ಯೋಜನೆಯ ಕರಡು 2017ರಲ್ಲಿ ಪ್ರಕಟವಾಗಿ, ಸಾವಿರಾರು ಆಕ್ಷೇಪಣೆಗಳು ಬಂದು, ಕೊನೆಗೆ 2020ರಲ್ಲಿ ಕರಡನ್ನೇ ಹಿಂಪಡೆಯಲಾಯಿತು. ಅಷ್ಟು ಜನ ಕುಳಿತು ಬರೆದದ್ದು ಮುಂದಿನ ಕರಡಿಗೆ ಆಧಾರವಾಗಬೇಕಾದರೆ ಆಕ್ಷೇಪಣೆಗಳ ಪ್ರತಿಗಳು ಜನರ ಕೈಯಲ್ಲೂ ಇರಬೇಕು.

ಹಾಗಾಗಿ ಮೊದಲ ಕೆಲಸವನ್ನು ಮೊದಲೇ ಹೇಳಿಬಿಡುತ್ತೇನೆ. ಕರಡು ಪ್ರಕಟವಾದ ದಿನವೇ ನಕ್ಷೆಗಳ, ವರದಿಯ ಮತ್ತು ವಲಯ ನಿಯಮಾವಳಿಯ ಪೂರ್ಣ ಪ್ರತಿಯನ್ನು ಇಳಿಸಿಕೊಳ್ಳಿ, ಮುದ್ರಿತ ಪ್ರತಿ ಮಾರಾಟಕ್ಕಿದ್ದರೆ ರಸೀದಿಯೊಡನೆ ಕೊಳ್ಳಿ. ಅಂತಿಮ ನಕ್ಷೆ ಬಂದ ಮೇಲೆ ಕರಡು ನಕ್ಷೆ ಜಾಲತಾಣದಲ್ಲಿ ಉಳಿದೇ ಇರುತ್ತದೆಂಬ ಭರವಸೆ ಇಲ್ಲ, ಮತ್ತು ಎರಡನ್ನೂ ಒಂದರ ಪಕ್ಕ ಒಂದಿಟ್ಟು ಸರ್ವೆ ನಂಬರುವಾರು ಹೋಲಿಸದೆ ಪ್ರಭಾವದ ಕಲಂ ತುಂಬಲು ಸಾಧ್ಯವಿಲ್ಲ. ನಕ್ಷೆಯಲ್ಲಿ ಬದಲಾದದ್ದು ಕಂಡು, ಅದಕ್ಕೆ ಹೊಂದುವ ಆಕ್ಷೇಪಣೆ ನಿಮ್ಮ ವಹಿಯಲ್ಲಿ ಎಲ್ಲೂ ಸಿಗದಿದ್ದರೆ ಅದನ್ನು ಬೇರೆ ಪುಟದಲ್ಲಿ ಬರೆದಿಡಿ, ಆ ಬದಲಾವಣೆ ಯಾರ ಕೋರಿಕೆಯಿಂದ ಆಯಿತು ಎಂದು ಮಾಹಿತಿ ಹಕ್ಕಿನಡಿ ಕೇಳಿ.